ಚೆಕ್‌ಲಿಸ್ಟಿನಲ್ಲಿ ಇರದಿದ್ದ ಸದ್ದು

ವಿಶಾಖಪಟ್ಟಣದ ಖಾಸಗಿ ಆಸ್ಪತ್ರೆಯೊಂದರ ಡಯಾಲಿಸಿಸ್ ಘಟಕದಲ್ಲಿ ಮೂರು ವರ್ಷ ಮುಖ್ಯಸ್ಥೆಯಾಗಿದ್ದ ನನ್ನನ್ನು, ವೃತ್ತಿಯ ಹದಿನಾರನೆಯ ವರ್ಷದಲ್ಲಿ ಅದೇ ಆಸ್ಪತ್ರೆಯ ವಿಜಯವಾಡ ಶಾಖೆಗೆ ವರ್ಗ ಮಾಡಿದರು. ವಿಶಾಖಪಟ್ಟಣದಲ್ಲಿ ನನ್ನ ಕೈಕೆಳಗಿದ್ದವರೆಲ್ಲ ಆಗಷ್ಟೇ ಓದು ಮುಗಿಸಿ ಬಂದವರು. ಅವರಿಗಾಗಿ ನಲವತ್ತು ಸಾಲಿನ ಚೆಕ್‌ಲಿಸ್ಟ್ ಬರೆದಿದ್ದೆ. ಅದು ಅಲ್ಲಿ ಚೆನ್ನಾಗಿ ನಡೆದಿತ್ತು. ಅದನ್ನೇ ಹಾಗೆಯೇ ವಿಜಯವಾಡಕ್ಕೂ ಒಯ್ದೆ.

ಇಲ್ಲಿ ಟೆಕ್ನಿಷಿಯನ್ ಕೋಟೇಶ್ವರರಾವ್ ಇದ್ದರು. ಡಯಾಲಿಸಿಸ್ ಯಂತ್ರಗಳಿಗೆ ನೀರು ಶುದ್ಧಮಾಡಿ ಕೊಡುವ ಆರ್‌ಒ ಪ್ಲಾಂಟನ್ನು ಹದಿನೆಂಟು ವರ್ಷದಿಂದ ನೋಡಿಕೊಂಡು ಬಂದವರು. ಮೊದಲು ಬಳ್ಳಾರಿಯಲ್ಲಿದ್ದುದರಿಂದ ಹುಬ್ಬಳ್ಳಿಯವಳಾದ ನನ್ನೊಡನೆ ಕನ್ನಡದಲ್ಲೇ ಮಾತು. ನನ್ನ ಪಟ್ಟಿ ಗೋಡೆಗೇರಿದ ಮೇಲೆ ಆ ಮಾತೂ ನಿಂತಿತು. ಗಂಟೆಗೊಮ್ಮೆ ಸಹಿ ಹಾಕಿ ಸುಮ್ಮನಿರುತ್ತಿದ್ದರು. ಅದನ್ನು ನಾನು ಶಿಸ್ತು ಎಂದುಕೊಂಡೆ.

ಎರಡನೆಯ ತಿಂಗಳ ಒಂದು ಬೆಳಿಗ್ಗೆ, ಆರು ರೋಗಿಗಳಿಗೆ ಡಯಾಲಿಸಿಸ್ ನಡೆದಿರುವಾಗ ಪ್ಲಾಂಟಿನ ಮುಖ್ಯ ಪಂಪು ನಿಂತಿತು. ಟ್ಯಾಂಕಿನಲ್ಲಿ ಉಳಿದಿದ್ದ ಶುದ್ಧ ನೀರು ತೊಂಬತ್ತು ಲೀಟರ್. ಆರು ಯಂತ್ರಗಳಿಗೆ ಅರ್ಧ ಗಂಟೆಯಷ್ಟು. ಪಟ್ಟಿಯ ಪ್ರಕಾರ ಎಲ್ಲರನ್ನೂ ಯಂತ್ರದಿಂದ ಬಿಡಿಸಬೇಕು. ಐವರಿಗೆ ಮರುದಿನ ಮಾಡಬಹುದಿತ್ತು. ಆರನೆಯವರಾದ ಸುಬ್ಬಮ್ಮ ಹಿಂದಿನ ಸರದಿಗೆ ಬಾರದೆ, ರಕ್ತದಲ್ಲಿ ಪೊಟ್ಯಾಸಿಯಂ ಏರಿ, ಏದುಸಿರು ಬಿಡುತ್ತ ಬಂದಿದ್ದರು. ನಡುವೆ ನಿಲ್ಲಿಸಿದರೆ ಹೃದಯಕ್ಕೇ ಅಪಾಯ.

ಪ್ಲಾಂಟಿನ ಕೋಣೆಗೆ ಓಡಿದೆ. ರಾವ್ ಆಗಲೇ ಪಂಪು ಬಿಚ್ಚುತ್ತಿದ್ದರು.

“ನಿನ್ನೇನ ಇದರ ಸದ್ದು ಬದಲಾಗಿತ್ತು,” ಎಂದರು.

“ಮತ್ಯಾಕ ಹೇಳಲಿಲ್ಲ?”

“ನಿಮ್ಮ ಲಿಸ್ಟಿನಾಗ ಸದ್ದಿಗೆ ಕಾಲಂ ಇಲ್ಲ ಕದಾ, ಮೇಡಂ.”

ಅದರಲ್ಲಿ ವ್ಯಂಗ್ಯವಿರಲಿಲ್ಲ. ಮೊದಲು ಸಿಟ್ಟು ಬಂತು, ಬೆನ್ನಿಗೇ ನಾಚಿಕೆ. “ತಪ್ಪು ನಂದೂ ಐತಿ, ರಾವ್‌ ಗಾರು. ಈಗೇನು ಮಾಡೋಣ, ನೀವು ಹೇಳ್ರಿ.”

ರಾವ್ ಕೈಲಿದ್ದ ಸ್ಪ್ಯಾನರ್ ಕೆಳಗಿಟ್ಟರು. “ಐದು ಮಿಷಿನ್ ಬಂದ್ ಮಾಡಿಸ್ರಿ. ಇರೋ ನೀರು ಸುಬ್ಬಮ್ಮನ ಒಂದು ಮಿಷಿನ್‌ಗೆ ಎರಡು ತಾಸಾದ್ರೂ ಬರ್ತೈತಿ. ಅಷ್ಟರಾಗ ಆಟೋನಗರ್ ಪಾರ್ಟ್ಸ್ ಅಂಗಡಿಯಿಂದ ಹೊಸ ಸೀಲ್ ತರಿಸಿ ಪಂಪ್ ಎಬ್ಬಿಸ್ತೀನಿ.”

ಡ್ಯೂಟಿ ಡಾಕ್ಟರ್ ಒಪ್ಪಿದರು. ವಾರ್ಡಿನಲ್ಲಿ ಹಿರಿಯ ನರ್ಸುಗಳಿಬ್ಬರು ಹೇಳುವ ಮೊದಲೇ ಕೆಲಸ ಹಿಡಿದಿದ್ದರು. ಸೇರಿ ಎರಡೇ ವಾರವಾಗಿದ್ದ ನರ್ಸ್ ಶ್ರಾವಣಿ ಮಾತ್ರ ಎಲ್ಲಿಂದ ಶುರುಮಾಡಬೇಕೆಂದು ತಿಳಿಯದೆ ನಿಂತಿದ್ದಳು. ಅವಳನ್ನು ‘ಏನು ಮಾಡೋಣ’ ಎಂದು ಕೇಳಿದ್ದರೆ ಅದು ಕ್ರೌರ್ಯವಾಗುತ್ತಿತ್ತು. ಪಕ್ಕದಲ್ಲಿ ನಿಂತೆ.

“ನಾನು ಹೇಳಿದಷ್ಟೇ ಮಾಡು. ಸಲೈನ್ ಜೋಡಿಸು. ರಕ್ತದ ವೇಗ ಇಳಿಸು. ಈಗ ರೋಗಿಯ ಮುಖ ನೋಡು.”

ಯಂತ್ರದಲ್ಲಿದ್ದ ರಕ್ತವೆಲ್ಲ ಸುರಕ್ಷಿತವಾಗಿ ರೋಗಿಯ ದೇಹಕ್ಕೆ ಮರಳಿತು. ಎರಡನೆಯ ರೋಗಿಗೆ ಅವಳು ತಾನೇ ಮಾಡಿದಳು.

ಒಂದೂವರೆ ಗಂಟೆಯಲ್ಲಿ ಪಂಪು ಮತ್ತೆ ತಿರುಗಿತು. ಸುಬ್ಬಮ್ಮನವರ ನಾಲ್ಕು ಗಂಟೆಯ ಡಯಾಲಿಸಿಸ್ ಪೂರ್ತಿಯಾಯಿತು. ಹೊರಡುವಾಗ ಅವರು ರಾವ್ ಅವರನ್ನು ಕೇಳಿದ್ದು ಇಷ್ಟೇ: “ಎ.ಸಿ. ಇದ್ದೂ ಇಷ್ಟು ಬೆವರಿದ್ದೀಯಲ್ಲ ಬಾಬು, ಮೈ ಹುಷಾರಿದೆಯಾ?”

ಆಮೇಲೆ ಪಟ್ಟಿ ಹೊಸಬರಿಗೆ ಮಾತ್ರ ಉಳಿಯಿತು. ಸೋಮವಾರದ ಸಭೆಯಲ್ಲಿ ರಾವ್ ಮೊದಲು ಮಾತಾಡುತ್ತಿದ್ದರು, ನಾನು ಬರೆದುಕೊಳ್ಳುತ್ತಿದ್ದೆ. ಶ್ರಾವಣಿ ಇಂದು ವಿಶಾಖಪಟ್ಟಣ ಘಟಕದ ಮುಖ್ಯಸ್ಥೆ.

ಕೈ ಹಿಡಿದು ನಡೆಸಬೇಕಾದವರನ್ನು ದಾರಿ ಕೇಳುವುದೂ, ದಾರಿ ಬಲ್ಲವರನ್ನು ಕೈ ಹಿಡಿದು ಎಳೆಯುವುದೂ ಒಂದೇ ಬಗೆಯ ತಪ್ಪು. ಆ ಬೆಳಿಗ್ಗೆ ಎರಡನ್ನೂ ಮಾಡಲಿಲ್ಲ ಎಂಬ ಹೆಮ್ಮೆ ನನಗಿದೆ, ಕಲಿತದ್ದು ಎರಡು ತಿಂಗಳು ತಡವಾಗಿಯಾದರೂ.