ಕುಕ್ಕರ್ ಕೂಗಿದ ಜಾಗ

ನಮ್ಮ ಮನೆಯಲ್ಲಿ ಜಗಳ ಅಂತ ಆಗುತ್ತಿದ್ದದ್ದು ಒಂದೇ ವಿಷಯಕ್ಕೆ, ಅದೂ ಒಂದು ಇಂಗ್ಲಿಷ್ ಹಾಡಿಗೆ. ನಮ್ಮ ಮನೆ ಅಂದರೆ ಮೂಡಲಪಾಳ್ಯದಲ್ಲಿ ಅಕ್ಕ-ಭಾವ ಬಾಡಿಗೆಗಿದ್ದ ಮೊದಲ ಮಹಡಿಯ ಮನೆ. ನಾನು ಅವರ ಜೊತೆಗಿದ್ದ, ಇನ್ನೂ ಮದುವೆಯಾಗದ ತಮ್ಮ. ಭಾವ ಕಾಮಾಕ್ಷಿಪಾಳ್ಯದ ಒಂದು ವರ್ಕ್‌ಶಾಪಿನಲ್ಲಿ ಲೇತ್ ಮೇಲೆ ಕೆಲಸ ಮಾಡುತ್ತಿದ್ದರು. ಐ.ಟಿ.ಐ. ಓದುವಾಗ ಸೀನಿಯರ್ ಒಬ್ಬ ಹಚ್ಚಿದ ರಾಕ್ ಹುಚ್ಚು ಅವರನ್ನು ಬಿಟ್ಟಿರಲೇ ಇಲ್ಲ. ಹಾಡುಗಳನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಕನ್ನಡ ಅಕ್ಷರದಲ್ಲೇ ಬರೆದಿಟ್ಟುಕೊಂಡಿದ್ದರು. ಭಾನುವಾರ ಎಣ್ಣೆಸ್ನಾನ ಮುಗಿಸಿ, ಪಂಚೆ ಉಟ್ಟು, ಗಿಟಾರ್ ಹಿಡಿದು ಕೂತರೆಂದರೆ ಕೆಳಗಿನ ಮನೆಯ ಓನರ್ ಆಂಟಿ ಬಟ್ಟೆ ಒಣಗಿಸುವ ನೆಪದಲ್ಲಿ ಮೇಲೆ ಬರುತ್ತಿದ್ದರು.

ಆ ಹಾಡು ನಮ್ಮಲ್ಲಿ ಎರಡು ಥರದ್ದಿತ್ತು. ಒಂದು, ಹಳೆಯ ರೆಕಾರ್ಡಿನದು: ಮೂವತ್ತು-ನಲವತ್ತು ಪಿಟೀಲು, ಹಿಂದೆ ಕೋರಸ್, ಚರ್ಚಿನ ಆರ್ಗನ್, ಕೊನೆಗೆ ಗೋಡೆ ಅದುರಿಸುವ ಡ್ರಮ್ಸ್. ಇನ್ನೊಂದು, ಅದೇ ಗಾಯಕ ಮುದುಕನಾದ ಮೇಲೆ ಒಂದು ಕುರ್ಚಿ, ಒಂದು ಗಿಟಾರ್ ಇಟ್ಟುಕೊಂಡು ಹಾಡಿದ್ದು. ಮೇಲಿನ ಸ್ವರಕ್ಕೆ ಹೋದಾಗ ಅವನ ಗಂಟಲು ಒಡೆಯುತ್ತಿತ್ತು. ನನಗೆ ಮೊದಲನೆಯದು ಬೇಕು, ಭಾವನಿಗೆ ಎರಡನೆಯದು.

"ಕುರ್ಚಿ ಕಿರ್ ಅಂತು ನೋಡು, ಕೇಳಿಸ್ತಾ? ಅಲ್ಲಿ ಒಬ್ಬ ಮನುಷ್ಯ ಕೂತಿದಾನೆ ಕಣೋ!" ಎನ್ನುತ್ತಿದ್ದರು ಭಾವ.

"ಕೂತಿದಾನೆ, ಸರಿ. ಶ್ರುತಿ ಎಲ್ಲೋ ಹೋಗಿದೆಯಲ್ಲ ಭಾವ?"

"ನಿಂದು ಮದುವೆ ಮನೆ ಸಾರು. ಒಗ್ಗರಣೆ ಹಾಕಿ ಹಾಕಿ, ಬೇಳೆ ತೊಗರಿದೋ ಹೆಸರಿದೋ ಅಂತಾನೇ ಗೊತ್ತಾಗಲ್ಲ. ಲೇ, ನಿನಗೆ ಹೆಣ್ಣು ನೋಡೋಕೆ ಹೋದಾಗಲೂ ಹಿಂಗೇ ಒಡವೆ ನೋಡ್ಕೊಂಡು ಬರ್ತೀಯ."

ಅಕ್ಕ ಒಳಗಿನಿಂದ, "ಎರಡೂ ಒಂದೇ ಕಿರುಚಾಟ. ಊಟಕ್ಕೆ ಬನ್ನಿ" ಅನ್ನುತ್ತಿದ್ದಳು. ಅಲ್ಲಿಗೆ ಜಗಳ ಮುಗಿಯುತ್ತಿತ್ತು.

ನನ್ನ ವಾದಕ್ಕೆ ನನ್ನ ಹೊಟ್ಟೆಪಾಡಿನ ಬಲವೂ ಇತ್ತು ಅನ್ನಿ. ರಾಜಾಜಿನಗರದಲ್ಲಿ ಒಂದು ಟೈಲರ್ ಅಂಗಡಿಯ ನೆಲಮಾಳಿಗೆಯಲ್ಲಿದ್ದ ರೆಕಾರ್ಡಿಂಗ್ ಸ್ಟುಡಿಯೋದಲ್ಲಿ ನಾನು ಅಸಿಸ್ಟೆಂಟ್. ಅಲ್ಲಿ ಆಗುತ್ತಿದ್ದದ್ದು ಹೆಚ್ಚಾಗಿ ಭಕ್ತಿಗೀತೆ. ಕ್ಯಾಸೆಟ್ ಹೋಗಿ ಸಿ.ಡಿ. ಬರುತ್ತಿದ್ದ ಕಾಲ, ಕಂಪ್ಯೂಟರ್ ಆಗಷ್ಟೇ ಬಂದಿತ್ತು. ಹಾಡುವವರು ಎರಡು ಸಾಲಿನ ಮಧ್ಯೆ ಎಳೆದುಕೊಳ್ಳುವ ಉಸಿರು, ಕೆಮ್ಮು, ಬಾಯಿ ಚಪ್ಪರಿಕೆ, ಹಾಳೆ ಮಗುಚುವ ಸದ್ದು, ಇವನ್ನೆಲ್ಲ ಹುಡುಕಿ ಹುಡುಕಿ ಕತ್ತರಿಸುವುದು ನನ್ನ ಕೆಲಸ. "ದೇವರ ಹಾಡಲ್ಲಿ ಏದುಸಿರು ಕೇಳಿಸಬಾರದು ಕಣಯ್ಯ" ಎಂದು ನಮ್ಮ ಓನರ್ ಹೇಳುತ್ತಿದ್ದರು. ನನ್ನಷ್ಟು ಚೊಕ್ಕವಾಗಿ ಉಸಿರು ತೆಗೆಯುವವನು ಆ ಏರಿಯಾದಲ್ಲೇ ಇಲ್ಲ ಎಂದು ನಾನು ಬೀಗುತ್ತಿದ್ದೆ.

ಅದೇ ವರ್ಷ ಭಾವನ ಗಂಟಲು ಕಟ್ಟಿತು. ವರ್ಕ್‌ಶಾಪಿನ ಧೂಳು ಅಂದುಕೊಂಡೆವು. ಕಷಾಯ ಆಯಿತು, ಉಪ್ಪುನೀರು ಆಯಿತು, ಬೀದಿಯ ಡಾಕ್ಟರ ಮಾತ್ರೆ ಆಯಿತು. ತಿಂಗಳುಗಟ್ಟಲೆ ಕಳೆದರೂ ಬಿಡದಿದ್ದಾಗ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದೆವು. ಧ್ವನಿಪೆಟ್ಟಿಗೆಯಲ್ಲಿ ಕ್ಯಾನ್ಸರ್, ಪೂರ್ತಿ ತೆಗೆಯಬೇಕು, ಜೀವ ಉಳಿಯುತ್ತದೆ, ಮಾತು ಇರುವುದಿಲ್ಲ ಎಂದರು. ಅಕ್ಕ ಒಂದೇ ಪ್ರಶ್ನೆ ಕೇಳಿದಳು: "ಊಟ ಮಾಡಬಹುದಾ ಸಾರ್?" ಮಾಡಬಹುದು ಅಂದರು. ಅವಳು ತಲೆ ಆಡಿಸಿದಳು. ಬಸ್‌ಸ್ಟಾಪಿನಲ್ಲಿ ಮಾತ್ರ ಸೆರಗನ್ನು ಬಾಯಿಗೆ ತುರುಕಿಕೊಂಡು ಅತ್ತಳು, ನಾನು ಅವಳಿಗೆ ಮರೆಯಾಗಿ ನಿಂತುಕೊಂಡೆ.

ಆಪರೇಷನ್ ಬುಧವಾರ. ಅದರ ಹಿಂದಿನ ಭಾನುವಾರ ಬೆಳಿಗ್ಗೆ ಸ್ಟುಡಿಯೋದ ಚಿಕ್ಕ ರೆಕಾರ್ಡರನ್ನೂ ಎರಡು ಮೈಕನ್ನೂ ಕೇಳಿ ತಂದೆ. ಒಂದು ಮೈಕು ಭಾವನ ಬಾಯಿಗೆ, ಒಂದು ಗಿಟಾರಿಗೆ. "ಆ ಹಾಡು ಹಾಡಿ ಭಾವ" ಎಂದೆ. ಅವರು ಕಣ್ಣು ಹೊಡೆದು, "ಯಾವುದು, ನಿಂದಾ ನಂದಾ?" ಎಂದರು.

ಆಗಲೇ ಆ ಗಂಟಲು ಅರ್ಧ ಹೋಗಿತ್ತು. ಒಂದೊಂದು ಸಾಲಿಗೂ ಉಸಿರು ಎಳೆದುಕೊಳ್ಳಬೇಕು, ಮೇಲಿನ ಸ್ವರ ಬರೀ ಗಾಳಿ. ಎರಡನೆಯ ಚರಣ ಮುಗಿಯುತ್ತಿದ್ದ ಹಾಗೆ ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು. ಭಾವ ಗಿಟಾರ್ ನಿಲ್ಲಿಸದೆಯೇ, "ಇವಳೇ, ಆ ಕುಕ್ಕರ್ ಒಂಚೂರು ಆಫ್ ಮಾಡೇ, ನಿನ್ ತಮ್ಮ ಬೈತಾನೆ" ಎಂದು ಕೂಗಿ, ನಕ್ಕು, ಆ ನಗುವಿಗೇ ಕೆಮ್ಮು ಬಂದು, ಸುಧಾರಿಸಿಕೊಂಡು ಮುಂದಿನ ಚರಣ ಹಾಡಿದರು. ಅಕ್ಕ ಬಂದು ಬಾಗಿಲಲ್ಲಿ ನಿಂತು ಪೂರ್ತಿ ಕೇಳಿದಳು. ಅದು ಅವಳು ಆ ಹಾಡನ್ನು ಪೂರ್ತಿ ಕೇಳಿದ ಮೊದಲ ಸಲ.

"ಇನ್ನೊಂದು ಸಲ ತಗೊಳ್ಳೋಣ ಭಾವ, ಕುಕ್ಕರ್ ಬಂದ್ಬಿಡ್ತು" ಎಂದೆ.

"ಇಷ್ಟೇ ಇರೋದು ಕಣೋ" ಎಂದರು.

ಭಾವ ಆಸ್ಪತ್ರೆಯಲ್ಲಿದ್ದ ಆ ವಾರಗಳಲ್ಲಿ ನಾನು ಮಾಡಿದ್ದನ್ನು ನೆನೆಸಿಕೊಂಡರೆ ಈಗಲೂ ನನ್ನ ಕೈಯನ್ನು ನಾನೇ ಮುರಿಯಬೇಕು ಅನ್ನಿಸುತ್ತದೆ. ಅವರ ಗಂಟಲು ಮೊದಲು ಹೇಗಿತ್ತೋ ಹಾಗೆ ಮಾಡಿಕೊಡುತ್ತೇನೆ ಎಂದು ಹೊರಟೆ. ಪ್ರೀತಿಯಿಂದಲೇ ಹೊರಟೆ, ಅದೇ ಸಂಕಟ. ಒಡೆದ ಸ್ವರಗಳನ್ನು ಕಂಪ್ಯೂಟರಿನಲ್ಲಿ ಶ್ರುತಿಗೆ ಎಳೆದು ಕೂರಿಸಿದೆ. ಉಸಿರನ್ನೆಲ್ಲ ಹೆಕ್ಕಿ ತೆಗೆದೆ. ಕುಕ್ಕರು, ಕೂಗು, ನಗು, ಕೆಮ್ಮು ಎಲ್ಲವನ್ನೂ ಒಟ್ಟಿಗೆ ಕತ್ತರಿಸಿದೆ. ಅವರ ಗಿಟಾರನ್ನೂ ಬಿಡಲಿಲ್ಲ; ಸ್ಟುಡಿಯೋಗೆ ಬರುತ್ತಿದ್ದ ಒಬ್ಬರ ಕೈಯಲ್ಲಿ ಹೊಸದಾಗಿ ನುಡಿಸಿ ಹಾಕಿದೆ. ಆಮೇಲೆ ಪಿಟೀಲು, ಕೋರಸ್, ಆರ್ಗನ್, ಡ್ರಮ್ಸ್. ನವರಾತ್ರಿ ಹಾಡುಗಳ ಕೆಲಸ ಶುರುವಾಗಿ ಡಿಸ್ಕಿನಲ್ಲಿ ಜಾಗವಿಲ್ಲ, ಬೇಡದ್ದನ್ನು ಅಳಿಸು ಎಂದರು ಓನರ್. ಭಾನುವಾರದ ಮೂಲ ರೆಕಾರ್ಡಿಂಗ್ ನನಗೆ ಬೇಡದ್ದು ಅನ್ನಿಸಿತು, ಅಳಿಸಿದೆ. ಚಿಕ್ಕ ರೆಕಾರ್ಡರನ್ನು ವಾಪಸ್ ಕೊಟ್ಟಾಗಿತ್ತು, ಅದರ ಮೇಲೆ ಯಾವುದೋ ಭಜನಾ ಮಂಡಳಿ ಹಾಡಿಯೂ ಆಗಿತ್ತು.

ಭಾವ ಮನೆಗೆ ಬಂದರು. ಕತ್ತಿನಲ್ಲಿ ಒಂದು ತೂತು, ಅದರ ಮೇಲೆ ಬಿಳಿ ಬಟ್ಟೆ, ಕೈಯಲ್ಲಿ ಮಕ್ಕಳ ಸ್ಲೇಟು. ಅಕ್ಕನನ್ನು ಕರೆಯಬೇಕಾದರೆ ಲೋಟಕ್ಕೆ ಚಮಚ ಬಡಿಯುತ್ತಿದ್ದರು. ನಾನು ಸಿ.ಡಿ. ಹಾಕಿ, ಸೌಂಡ್ ಜಾಸ್ತಿ ಮಾಡಿ ಎದುರಿಗೆ ಕೂತೆ. ಭಾವ ಕಣ್ಣು ಮುಚ್ಚಿ ಕೊನೆಯವರೆಗೂ ಕೇಳಿದರು. ಮದುವೆ ಮನೆ ಸಾರು ಅಂತ ಬರೆಯುತ್ತಾರೆ, ಬೈಯುತ್ತಾರೆ, ಆಗ ಮನೆ ಮತ್ತೆ ಮನೆಯಾಗುತ್ತದೆ ಎಂದು ಕಾದೆ. ಅವರು ಸ್ಲೇಟಿನ ಮೇಲೆ "ತುಂಬಾ ಚೆನ್ನಾಗಿದೆ. ಥ್ಯಾಂಕ್ಸ್" ಎಂದು ಬರೆದರು.

ಮನೆಯವರಿಗೆ ಯಾರಾದರೂ ಥ್ಯಾಂಕ್ಸ್ ಹೇಳುತ್ತಾರಾ? ಅಷ್ಟು ವರ್ಷದಲ್ಲಿ ಆ ಮನುಷ್ಯ ನನಗೆ ಲೇ ಅಂದಿದ್ದರು, ಕತ್ತೆ ಅಂದಿದ್ದರು, ಆ ಮಾತೊಂದನ್ನು ಮಾತ್ರ ಅಂದಿರಲಿಲ್ಲ. ನೀರು ಕುಡಿಯುವವನ ಹಾಗೆ ಅಡುಗೆಮನೆಗೆ ಎದ್ದು ಹೋದೆ.

ಅಕ್ಕ ಹಿಂದೆಯೇ ಬಂದಳು. ದನಿ ತಗ್ಗಿಸಿ ಕೇಳಿದಳು: "ಮಧ್ಯದಲ್ಲಿ ನನ್ನ ಕರೆದ್ರಲ್ಲೋ, ಕುಕ್ಕರ್ ಕೂಗಿದಾಗ? ಅದು ಬರಲೇ ಇಲ್ಲ?"

"ಅದನ್ನ ಕಟ್ ಮಾಡಿದೆ ಅಕ್ಕ."

"ಕಟ್ ಮಾಡಿದ್ದನ್ನ ಎಲ್ಲಿಟ್ಟಿದೀಯ? ಅದನ್ನ ಕೊಡು ನಂಗೆ. ಹಾಡು ನೀನೇ ಇಟ್ಕೋ."

ಬಟ್ಟೆ ಕತ್ತರಿಸಿದರೆ ಚೂರು ಉಳಿಯುತ್ತದೆ, ತರಕಾರಿ ಹೆಚ್ಚಿದರೆ ಸಿಪ್ಪೆ ಉಳಿಯುತ್ತದೆ. ಇದು ಎಲ್ಲೂ ಉಳಿದಿಲ್ಲ ಎಂದು ಅವಳಿಗೆ ಹೇಳುವುದು ನನ್ನ ಕೈಲಾಗಲಿಲ್ಲ. "ಹುಡುಕ್ತೀನಿ" ಅಂದೆ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದೆ. ಅಕ್ಕ ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅವಳು ದಿನಾ ಸಂಜೆ ನಾನು ಚಪ್ಪಲಿ ಬಿಡುವಾಗ ಮುಖ ನೋಡುತ್ತಿದ್ದಳು, ಅಷ್ಟೇ. "ಅವರು ಕರೆಯೋದು ಹೆಂಗಿತ್ತು ಅಂತಾನೇ ಮರೆತು ಹೋಗ್ತಾ ಇದೆ ಕಣೋ" ಎಂದು ಒಂದು ದಿನ ಅಂದಳು, ಹೂಕೋಸು ಬಿಡಿಸುತ್ತಾ.

ಮಾರನೆಯ ದಿನ ಸ್ಟುಡಿಯೋದಲ್ಲಿ ಎಲ್ಲರೂ ಊಟಕ್ಕೆ ಹೋದಾಗ ಹಾಡನ್ನು ಕಂಪ್ಯೂಟರಿನಲ್ಲಿ ತೆರೆದು, ಹಾಕಿದ್ದನ್ನೆಲ್ಲ ಒಂದೊಂದಾಗಿ ನಿಲ್ಲಿಸುತ್ತಾ ಬಂದೆ. ಡ್ರಮ್ಸ್ ಹೋಯಿತು. ಆರ್ಗನ್ ಹೋಯಿತು. ಕೋರಸ್, ಪಿಟೀಲು, ಆ ಬಾಡಿಗೆ ಗಿಟಾರ್. ಉಳಿದದ್ದು ಭಾವನ ಬರೀ ಗಂಟಲು, ಅದೂ ನಾನು ಇಸ್ತ್ರಿ ಮಾಡಿದ್ದು. ಸಾಲಿಗೂ ಸಾಲಿಗೂ ಮಧ್ಯೆ ಸತ್ತ ಮೌನ. ಆ ಕುರ್ಚಿಯ ಕಿರ್ ಸದ್ದಿಗೆ ಭಾವ ಹೇಳುತ್ತಿದ್ದದ್ದು ಏನೆಂದು ಆಗ ಅರ್ಥವಾಯಿತು. ಉಸಿರಿಲ್ಲದ ಕಡೆ ಮನುಷ್ಯನಿರಲಿಲ್ಲ. ನೆಲಮಾಳಿಗೆಯಲ್ಲಿ ಒಬ್ಬನೇ ಕೂತು ಗೊಳೋ ಎಂದು ಅತ್ತೆ.

ಆದರೆ ಎರಡನೆಯ ಚರಣದ ಕೊನೆಯಲ್ಲಿ ಏನೋ ಇತ್ತು. ಸೌಂಡ್ ಪೂರ್ತಿ ಏರಿಸಿ, ಹತ್ತು ಸಲ ಕೇಳಿದೆ. ಕೊನೆಯ ಪದವನ್ನು ಭಾವ ಎಳೆದು ಹಾಡಿದ್ದರು. ಅದರ ಬಾಲಕ್ಕೆ ಅಂಟಿಕೊಂಡು, ನನ್ನ ಕತ್ತರಿಯಿಂದ ತಪ್ಪಿಸಿಕೊಂಡು, ಒಂದು ಉಸಿರು ಉಳಿದಿತ್ತು. ಕೂಗುವುದಕ್ಕೆ ಮೊದಲು ಎಳೆದುಕೊಂಡ ಉಸಿರು. ಅದಾದ ಮೇಲಿನ ಮಾತು ಇರಲಿಲ್ಲ.

ಆ ಬರೀ ಗಂಟಲನ್ನೇ ಸಿ.ಡಿ.ಗೆ ಹಾಕಿಕೊಂಡು ಶನಿವಾರ ಮಧ್ಯಾಹ್ನ ಮನೆಗೆ ಬಂದೆ. ಭಾವ ಹಾಲಿನಲ್ಲಿ ಪೇಪರ್ ಹಿಡಿದು ತೂಕಡಿಸುತ್ತಿದ್ದರು. ಅಕ್ಕ ಅಡುಗೆಮನೆಯ ನೆಲದ ಮೇಲೆ ಈಳಿಗೆಮಣೆ ಹಾಕಿಕೊಂಡು ಬದನೆಕಾಯಿ ಹೆಚ್ಚುತ್ತಿದ್ದಳು. ಪಕ್ಕದಲ್ಲಿ ಕೂತು ನಿಜ ಹೇಳಿದೆ: "ಅಕ್ಕ, ಎಲ್ಲಾ ಅಳಿಸಿ ಹೋಗಿದೆ. ನಾನೇ ಅಳಿಸಿದ್ದು. ಕರೆದಿದ್ದು ಇಲ್ಲ. ಕರೆಯೋಕೆ ಮುಂಚೆ ಉಸಿರು ಎಳ್ಕೊಂಡಿದ್ದು ಮಾತ್ರ ಇದೆ. ಬೇಡ ಅಂದ್ರೆ ಬೇಡ."

ಅವಳು ಕೈಯನ್ನು ಸೆರಗಿಗೆ ಒರೆಸಿಕೊಂಡು, "ಹಾಕು" ಎಂದಳು. ಜೊತೆಗೆ ತಂದಿದ್ದ ಚಿಕ್ಕ ಸಿ.ಡಿ. ಪ್ಲೇಯರಿನ ಹೆಡ್‌ಫೋನನ್ನು ಅವಳ ಕಿವಿಗೆ ನಾನೇ ಕೂರಿಸಿದೆ. ಎರಡನೆಯ ಚರಣದಿಂದ ಹಾಕಿದೆ. ನೆಲ ನೋಡುತ್ತಾ ಕೇಳುತ್ತಿದ್ದಳು. ಆ ಜಾಗ ಬರುವುದು ಯಂತ್ರದ ಅಂಕಿಯಿಂದ ನನಗೆ ಗೊತ್ತಾಯಿತು.

ಅಕ್ಕ ಫಕ್ಕನೆ ತಲೆ ಎತ್ತಿದಳು.

"ಬಂದೆ ರೀ!"

ಕಿವಿ ಮುಚ್ಚಿದ್ದರಿಂದ ತುಂಬಾ ಜೋರಾಗಿ ಕೂಗಿದ್ದಳು. ಈಳಿಗೆಮಣೆ ಸರಿಸಿ, ಎದ್ದೂ ನಿಂತಿದ್ದಳು. ವೈರು ಎಳೆದು ಹೆಡ್‌ಫೋನ್ ಕುತ್ತಿಗೆಗೆ ಜಾರಿತು. ಹಾಲಿನಲ್ಲಿ ಪೇಪರ್ ಕೆಳಗೆ ಬಿದ್ದ ಸದ್ದಾಯಿತು. ಭಾವ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತು, ಅವಳನ್ನೂ ನನ್ನನ್ನೂ ನೋಡಿ, ಏನು ಎಂದು ಕೈಯಲ್ಲಿ ಕೇಳಿದರು.

"ಏನಿಲ್ಲ. ನೀವು ಕರೆದ ಹಾಗಾಯ್ತು" ಎಂದಳು ಅಕ್ಕ.