ಸ್ಟಿಯರಿಂಗ್ ಗಟ್ಟಿಯಾದ ಚಳಿಗಾಲ

ನಮ್ಮ ಕಾರಿನ ಸ್ಟಿಯರಿಂಗ್ ಗಟ್ಟಿಯಾಗತೊಡಗಿದ್ದು ಒಂದು ಧನುರ್ಮಾಸದಲ್ಲಿ. ಮಂಡ್ಯದ ಗುತ್ತಲಿನಲ್ಲಿ ನಮ್ಮ ಮನೆ. ನಾನು ಮದ್ದೂರಿನ ಪ್ರೌಢಶಾಲೆಯೊಂದರಲ್ಲಿ ಕನ್ನಡ ಪಾಠ ಮಾಡುತ್ತಿದ್ದೆ. ನನ್ನ ಯಜಮಾನರು ಮಳವಳ್ಳಿಯಲ್ಲಿ ಗಣಿತದ ಮೇಷ್ಟ್ರು. ದಿನಾ ಬೆಳಿಗ್ಗೆ ನನ್ನನ್ನು ಮದ್ದೂರಿನಲ್ಲಿ ಇಳಿಸಿ ಅವರು ಮುಂದಕ್ಕೆ ಹೋಗುತ್ತಿದ್ದರು. ಹಳೆಯ ಕಾರು, ಇನ್ನೊಬ್ಬರು ಓಡಿಸಿ ಬಿಟ್ಟದ್ದು. ನನಗೆ ಓಡಿಸಲು ಬರುತ್ತಿರಲಿಲ್ಲ, ಕಲಿಯುವ ಆಸೆಯೂ ಇರಲಿಲ್ಲ. ಅವರ ಪಕ್ಕದಲ್ಲಿ ಕೂತು ಹೋಗುವ ಆ ಮುಕ್ಕಾಲು ಗಂಟೆಯೇ ನಮ್ಮಿಬ್ಬರಿಗೆ ಮಾತಿಗೆ ಸಿಗುತ್ತಿದ್ದ ಹೊತ್ತು.

ಒಂದು ಬೆಳಿಗ್ಗೆ ಕಾರನ್ನು ಗೇಟಿನಿಂದ ಆಚೆಗೆ ತೆಗೆಯುವಾಗ ಗೊಂಯ್ ಎಂದು ನರಳಿದಂಥ ಸದ್ದು ಕೇಳಿತು. ಕಾರು ನಿಂತಿದ್ದ ಜಾಗದಲ್ಲಿ ಅಂಗೈಯಗಲ ಕೆಂಪು ಎಣ್ಣೆ ಸೋರಿತ್ತು. ಯಜಮಾನರು ಬಾನೆಟ್ ಎತ್ತಿ ನೋಡಿದರು. ಪವರ್ ಸ್ಟಿಯರಿಂಗಿಗೆ ಬೇರೆಯೇ ಒಂದು ಎಣ್ಣೆ ಇರುತ್ತದೆ, ಅದರ ಬಲದಿಂದಲೇ ಚಕ್ರಗಳು ಸಲೀಸಾಗಿ ತಿರುಗುವುದು ಎಂದು ನನಗೆ ಗೊತ್ತಾದದ್ದೇ ಆಗ. ಅವರು ಒಂದು ಬಾಟಲಿ ತಂದು ಡಿಕ್ಕಿಯಲ್ಲಿಟ್ಟುಕೊಂಡರು. ಕಡಿಮೆಯಾದಾಗಲೆಲ್ಲ ಸುರಿಯುತ್ತಿದ್ದರು.

"ಗ್ಯಾರೇಜಿಗೆ ತೋರಿಸಬಾರದೇನ್ರೀ?" ಎಂದರೆ, "ಚಳಿಗೆ ಎಣ್ಣೆ ಮಂದ ಆಗ್ಯದೆ ಕಣೇ, ಇನ್ನೇನಿಲ್ಲ. ಸಂಕ್ರಾಂತಿ ಕಳೀಲಿ, ತಾನಾಗೇ ಸರಿಹೋಗುತ್ತೆ" ಅನ್ನುತ್ತಿದ್ದರು.

ಅದರಲ್ಲಿ ಸುಳ್ಳೇನೂ ಇರಲಿಲ್ಲ. ಆ ವರ್ಷ ಚಳಿ ಜೋರಾಗಿತ್ತು. ಬೆಳಿಗ್ಗೆ ಎಂಟಾದರೂ ನಾಲೆಯ ಪಕ್ಕದ ಗದ್ದೆಗಳ ಮೇಲಿನ ಮಂಜು ಕರಗುತ್ತಿರಲಿಲ್ಲ. ಬೆಳಗಿನ ಹೊತ್ತು ಅವರು ಎರಡೂ ಕೈಯಲ್ಲಿ ಸ್ಟಿಯರಿಂಗ್ ಹಿಡಿದು, ತಿರುವುಗಳಲ್ಲಿ ಇಡೀ ಮೈಯನ್ನೇ ಒಂದು ಕಡೆಗೆ ವಾಲಿಸುತ್ತಿದ್ದರು. ಸಂಜೆ ವಾಪಸು ಬರುವಾಗ ಕಾರೂ ಹಗುರ, ಅವರೂ ಹಗುರ. ಹಾಗಾಗಿ ನನಗೆ ಅನುಮಾನ ಬರಲಿಲ್ಲ. ಕೊತ್ತತ್ತಿಯ ಒಕ್ಕಲು ಮನೆಯಲ್ಲಿ ಹುಟ್ಟಿ, ಕಾಲೇಜು ಓದುವಾಗಲೂ ಕಬ್ಬಿನ ಹೊರೆ ಹೊತ್ತ ಮನುಷ್ಯ. ಅವರ ತೋಳು ಸೋಲುತ್ತದೆ ಎಂದು ಯಾರು ತಾನೇ ನೆನೆಸಿಯಾರು?

ಜನವರಿಯ ಒಂದು ಭಾನುವಾರ ಮಳವಳ್ಳಿಯಲ್ಲಿ ಅವರ ಸಹೋದ್ಯೋಗಿಯೊಬ್ಬರ ಗೃಹಪ್ರವೇಶವಿತ್ತು. ಇಬ್ಬರೂ ಹೊರಟೆವು. ಮದ್ದೂರು ದಾಟಿ ಹತ್ತು ಹನ್ನೆರಡು ಮೈಲಿ ಹೋಗಿರಬಹುದು, ಎದುರಿನಿಂದ ಕಬ್ಬು ತುಂಬಿದ ಟ್ರ್ಯಾಕ್ಟರು ಬಂತು. ಕಬ್ಬು ರಸ್ತೆಯ ಅರ್ಧದವರೆಗೂ ಚಾಚಿಕೊಂಡಿತ್ತು. ಇವರು ಎಡಕ್ಕೆ ಎಳೆದರು. ಕಾರು ಎಡಕ್ಕೆ ಬರಲಿಲ್ಲ. ನಾನು ಕಿರುಚುತ್ತಾ ಸ್ಟಿಯರಿಂಗಿಗೆ ಕೈ ಹಾಕಿ ಎಳೆದೆ. ಕಬ್ಬಿನ ಗರಿಗಳು ಕಿಟಕಿಯನ್ನು ಸವರಿಕೊಂಡು ಹೋದವು. ಕಾರು ರಸ್ತೆಯಿಂದಿಳಿದು ಮಣ್ಣಿನಲ್ಲಿ ನಿಂತಿತು.

"ಓಡಿಸೋರ ಕೈಗೆ ಅಡ್ಡ ಬರ್ತಾರೇನೇ? ಇಬ್ರೂ ಸತ್ತಿದ್ದರೆ?" ಎಂದು ಕೂಗಿದರು.

"ಒಂದ್ಸಲ ಗ್ಯಾರೇಜಿಗೆ ತೋರಿಸೋಕೆ ನಿಮಗೆ ಒಂದು ತಿಂಗಳಿಂದ ಆಗಲಿಲ್ಲ! ನೀವು ಮಾಡಿದ್ದಲ್ವಾ ಇದು?" ಎಂದು ನಾನೂ ಕೂಗಿದೆ.

ಅವರು ಕಾರನ್ನು ಮತ್ತೆ ರಸ್ತೆಗೆ ಹತ್ತಿಸಿದರು. ನಿಧಾನವಾಗಿ ಓಡಿಸಿಕೊಂಡು ನೇರವಾಗಿ ಮಳವಳ್ಳಿಯ ಗ್ಯಾರೇಜಿಗೆ ಹೋದರು. ಮೆಕ್ಯಾನಿಕ್ಕು ಐವತ್ತು ದಾಟಿದವನು. ಅವನ ಇಬ್ಬರು ಹೆಣ್ಣುಮಕ್ಕಳೂ ಇವರ ಬಳಿ ಗಣಿತ ಕಲಿತವರು. ಭಾನುವಾರವೆನ್ನದೆ ಕಾರಿನಡಿ ಮಲಗಿದ.

"ಇಲ್ ನೋಡಿ ಮೇಷ್ಟ್ರೇ, ಪೈಪಿನ ಬಾಯತ್ರ ಬಿರುಕು ಬುಟ್ಟದೆ. ರಬ್ಬರು ಅಳೇದಾಗದೆ. ಚಳಿಗೆ ಸೆಟ್ಕಂಡು ಎಣ್ಣೆ ಬುಡ್ತದೆ. ಇಂಜಿನ್ನು ಕಾದ್ಮೇಲೆ ವಸಿ ಸರಿ ಓಯ್ತದೆ."

ಯಜಮಾನರ ಮುಖ ಅರಳಿತು. "ನೋಡ್ದಾ, ನಾನೂ ಅದನ್ನೇ ಹೇಳಿದ್ದು, ಚಳಿದೇ ಕಾಟ ಅಂತ" ಎಂದು ನನ್ನ ಕಡೆ ತಿರುಗಿದರು. ಕಬ್ಬಿನ ಟ್ರ್ಯಾಕ್ಟರಿನ ಜಗಳ ಅಲ್ಲಿಗೇ ಮುಗಿಯಿತು.

ಹೊಸ ಪೈಪು ಹಾಕಿ, ಎಣ್ಣೆ ತುಂಬಿ, ಒಳಗಿನ ಗಾಳಿ ಹೋಗಲೆಂದು ಮೆಕ್ಯಾನಿಕ್ಕು ತಾನೇ ಕೂತು ಸ್ಟಿಯರಿಂಗನ್ನು ಈ ತುದಿಯಿಂದ ಆ ತುದಿಗೆ ಹತ್ತಾರು ಸಲ ತಿರುಗಿಸಿದ. ನರಳುತ್ತಿದ್ದ ಸದ್ದು ನಿಂತಿತು. "ಬನ್ನಿ ಮೇಷ್ಟ್ರೇ, ಈಗ ಒಂದ್ ಬೆಳ್ಳಲ್ಲಿ ತಿರುಗ್ತದೆ" ಎಂದ.

ಇವರು ಕೂತು ತಿರುಗಿಸಿದರು. ಅರ್ಧ ಸುತ್ತು ಬಂತು, ಕೈ ಜಾರಿತು. ಇನ್ನೊಮ್ಮೆ ಹಿಡಿದರು. ಮತ್ತೆ ಜಾರಿತು.

"ಇನ್ನೂ ಗಟ್ಟಿಯಾಗೇ ಅದಲ್ಲಯ್ಯ."

"ಇರಿ, ಇನ್ನೂ ಗಾಳಿ ಅದೆಯೋ ಏನೋ. ನಾನು ಕೆಳಗಿಂದ ನೋಡ್ತೀನಿ. ಅಮ್ಮಾ, ನೀವು ವಸಿ ಕೂತ್ಕಂಡು ತಿರುಗಿಸಿ" ಎಂದು ಅವನು ಮತ್ತೆ ಕಾರಿನಡಿಗೆ ಹೋದ.

ನಾನು ಆ ಸೀಟಿನಲ್ಲಿ ಕೂತದ್ದು ಅದೇ ಮೊದಲು. ಭಾರವಿರಬಹುದೆಂದು ಉಸಿರು ಬಿಗಿಹಿಡಿದು ಎಳೆದರೆ ಸ್ಟಿಯರಿಂಗ್ ನನ್ನ ಕೈಯಲ್ಲಿ ಬೆಣ್ಣೆಯ ಹಾಗೆ ತಿರುಗಿತು. ಬಲಕ್ಕೆ, ಎಡಕ್ಕೆ, ಮತ್ತೆ ಬಲಕ್ಕೆ.

"ರೀ, ಎಷ್ಟು ಹಗುರವಾಗಿದೆ ನೋಡಿ!" ಎಂದು ನಗುತ್ತಾ ತಲೆ ಎತ್ತಿದೆ.

ಅವರು ಬಾನೆಟ್ಟಿನ ಮುಂದೆ ನಿಂತು, ನಾನು ತಿರುಗಿಸಿದ ಹಾಗೆಲ್ಲ ತಿರುಗುತ್ತಿದ್ದ ಚಕ್ರವನ್ನು ನೋಡುತ್ತಿದ್ದರು. ಆಮೇಲೆ ತಮ್ಮ ಬಲಗೈಯನ್ನು ಎತ್ತಿ ನೋಡಿಕೊಂಡರು. ಹೆಬ್ಬೆರಳಿನ ಬುಡದಲ್ಲಿ ತುಂಬಿಕೊಂಡಿರಬೇಕಾದ ಮಾಂಸ ಕರಗಿ ಗುಳಿ ಬಿದ್ದಿತ್ತು. ದಿನಾ ಅವರ ಪಕ್ಕದಲ್ಲೇ ಕೂರುತ್ತಿದ್ದ ನನಗೆ ಅದು ಕಂಡದ್ದು ಗಾಜಿನಾಚೆಯಿಂದ, ಅವತ್ತು.

ಮೆಕ್ಯಾನಿಕ್ಕು ಎದ್ದು ಬಂದು ನಮ್ಮಿಬ್ಬರ ಮುಖ ನೋಡಿದ. "ಕಾರಿಗೇನೂ ಆಗಿಲ್ಲ ಬುಡಿ ಮೇಷ್ಟ್ರೇ" ಎಂದವನು, ಕೈ ಒರೆಸಿಕೊಂಡು, "ನಾನೇ ಮಂಡ್ಯಗಂಟ ಓಡಿಸ್ಕಂಡ್ ಬತ್ತೀನಿ. ಬಸ್ಸಲ್ಲಿ ವಾಪಸ್ ಬಂದ್ರಾಯ್ತು" ಎಂದ. ಇವರು ಬೇಡವೆನ್ನಲಿಲ್ಲ. ಗೃಹಪ್ರವೇಶಕ್ಕೆ ಹೋಗಲಿಲ್ಲ. ಹಿಂದಿನ ಸೀಟಿನಲ್ಲಿ ನನ್ನ ಪಕ್ಕ ಕೂತು ಮಂಡ್ಯದವರೆಗೂ ಬಂದರು.

ಮೈಸೂರಿನ ನರರೋಗದ ಡಾಕ್ಟರು ಒಂದೂವರೆ ತಿಂಗಳು ಪರೀಕ್ಷೆಗಳನ್ನು ಮಾಡಿಸಿದರು. ಸ್ನಾಯುಗಳನ್ನು ಆಡಿಸುವ ನರಗಳು ಒಂದೊಂದಾಗಿ ಸಾಯುವ ಕಾಯಿಲೆ, ಚಳಿಯಲ್ಲಿ ಇನ್ನೂ ಎದ್ದು ಕಾಣುತ್ತದೆ, ಔಷಧಿಯಿಂದ ಕೊಂಚ ತಡೆಯಬಹುದೇ ಹೊರತು ವಾಸಿಯಾಗುವುದಿಲ್ಲ ಎಂದರು. "ಯಾವಾಗಿನಿಂದ ಕೈ ಸೋಲ್ತಾ ಇದೆ?" ಎಂದು ಕೇಳಿದಾಗ ಯಜಮಾನರು, "ದಸರಾ ರಜದಿಂದ. ಸೀಮೆಸುಣ್ಣ ನಿಲ್ತಿರಲಿಲ್ಲ" ಎಂದರು. ನನಗೆ ಹೇಳಿರಲಿಲ್ಲ. ತಮಗೂ ಹೇಳಿಕೊಂಡಿರಲಿಲ್ಲವೋ ಏನೋ. ಎಣ್ಣೆ ಸೋರಿದಾಗ ಅವರಿಗೆ ಒಂದು ಬಗೆಯ ನೆಮ್ಮದಿಯೇ ಆಗಿತ್ತೆಂದು ಈಗ ಅನ್ನಿಸುತ್ತದೆ. ದೋಷ ಕಾರಿನದಾದರೆ ಸಾಕಿತ್ತಲ್ಲ. ಅದಕ್ಕೇ ಗ್ಯಾರೇಜಿಗೆ ಹೋಗದೆ ತಿಂಗಳಿಡೀ ಎಣ್ಣೆ ಸುರಿದರು.

ನನ್ನನ್ನು ಸುಡುವುದು ಇನ್ನೊಂದಿದೆ. ಆ ಡಿಸೆಂಬರಿನಲ್ಲಿ ಒಂದು ಬೆಳಿಗ್ಗೆ ಅವರು ಅಂಗಿಯ ಗುಂಡಿ ಹಾಕಿಕೊಳ್ಳಲಾರದೆ ಅಡುಗೆಮನೆ ಬಾಗಿಲಿಗೆ ಬಂದು ನಿಂತಿದ್ದರು. ಒಲೆಯ ಮೇಲೆ ಸಾರು ಕುದಿಯುತ್ತಿತ್ತು, ಹೊರಡುವ ಹೊತ್ತಾಗಿತ್ತು. "ಗುಂಡಿ ಹಾಕೋಕೂ ನಾನೇ ಬರಬೇಕಾ?" ಎಂದೆ. ಅವರು ನಕ್ಕು, "ಚಳಿ ಕಣೇ, ಬೆರಳು ಮರಗಟ್ಟ್ಯದೆ" ಎಂದು ಒಳಗೆ ಹೋದರು. ಆಮೇಲೆ ಎರಡೂವರೆ ವರ್ಷ ಗುಂಡಿ ಹಾಕಿದ್ದು ನಾನೇ. ಆದರೆ ಅವತ್ತು ಹಾಕಲಿಲ್ಲ.

ಕಾರು ಓಡಿಸುವುದನ್ನು ಅವರೇ ಕಲಿಸಿದರು. ಕೊತ್ತತ್ತಿಯ ನಾಲೆಯ ಬದಿಯ ರಸ್ತೆಯಲ್ಲಿ, ಎಡಗಡೆ ಕೂತು, ಬರೀ ಮಾತಿನಲ್ಲಿ. "ಕ್ಲಚ್ಚು ಪೂರ್ತಿ ಒತ್ತು. ಹೆದರಬೇಡ, ನಾನಿದೀನಿ." ಮೊದಮೊದಲು ತರಗತಿಯಲ್ಲಿ ಗದರುವಂತೆ ಗದರುತ್ತಿದ್ದರು. ನಾನು ಚೆನ್ನಾಗಿ ಓಡಿಸುವ ಹೊತ್ತಿಗೆ ಅವರ ನಾಲಿಗೆ ತೊದಲತೊಡಗಿತ್ತು. ಮೂರನೆಯ ವರ್ಷಕ್ಕೆ ಅವರ ಮಾತು ನನ್ನನ್ನು ಬಿಟ್ಟು ಯಾರಿಗೂ ತಿಳಿಯುತ್ತಿರಲಿಲ್ಲ. ನಾನು ಶಾಲೆಗೆ ಹೋದಾಗ ಪಕ್ಕದ ಬೀದಿಯಲ್ಲಿದ್ದ ನನ್ನ ನಾದಿನಿ ಬಂದು ಅಣ್ಣನ ಹತ್ತಿರ ಕೂರುತ್ತಿದ್ದಳು.

ಆಷಾಢದ ಒಂದು ಮಧ್ಯಾಹ್ನ, ನಾನು ಒಂಬತ್ತನೇ ತರಗತಿಗೆ ಪಾಠ ಮಾಡುತ್ತಿದ್ದಾಗ ಅವಳ ಫೋನು ಬಂತು. "ಅತ್ಗೆ, ಬೇಗ ಬಾ. ಅಣ್ಣ ಉಸಿರಾಡ್ತಿಲ್ಲ" ಎಂದಳು. ಸಹೋದ್ಯೋಗಿಗಳು, ನಮ್ಮಲ್ಲಿ ಯಾರಾದರೂ ಓಡಿಸುತ್ತೇವೆ ಎಂದರು. ನಾನು ಒಪ್ಪಲಿಲ್ಲ. ಮದ್ದೂರಿನಿಂದ ಮಂಡ್ಯದವರೆಗೆ ಹೇಗೆ ಬಂದೆನೋ ಇಂದಿಗೂ ನೆನಪಿಲ್ಲ. ಮನೆಯ ಮುಂದೆ ಜನ ಸೇರಿದ್ದರು. ಅವರು ಹೇಳಿಕೊಟ್ಟಿದ್ದಂತೆಯೇ ಗೋಡೆಗೆ ಒತ್ತಿ ನಿಲ್ಲಿಸಿ, ಗೇರು ತೆಗೆದು, ಹ್ಯಾಂಡ್ ಬ್ರೇಕು ಎಳೆದೆ. ಇಳಿಯಲು ಮಾತ್ರ ಆಗಲಿಲ್ಲ. ನಾದಿನಿ ಬಂದು ಬಾಗಿಲು ತೆಗೆದು, "ಬಾ ಅತ್ಗೆ, ಇನ್ನೂ ಮೈ ಬೆಚ್ಚಗದೆ, ಬಾ" ಎಂದು ಕೈ ಹಿಡಿದು ಎಳೆದಳು.