ಡೈಪರ್ ಹಿಡಿದು ಓಡಿಬಂದ ಸಿಸ್ಟರ್

ಹೆಬ್ಬಾಳದ ಆಸ್ಪತ್ರೆಯೊಂದರಲ್ಲಿ ದಿನ ತುಂಬದೆ ಹುಟ್ಟಿದ ಮಕ್ಕಳ ವಾರ್ಡೆಂದರೆ ಆ ಸಿಸ್ಟರ್‌ದೇ ರಾಜ್ಯ. ಎರಡು ತಿಂಗಳು ಮೊದಲೇ ಬಂದುಬಿಟ್ಟ ನನ್ನ ಮಗನನ್ನು ಒಂದೇ ಅಂಗೈಯಲ್ಲಿ, ದೋಸೆ ಮಗುಚಿದಷ್ಟು ಸಲೀಸಾಗಿ ಮಗುಚುತ್ತಿದ್ದರು. ಕೊಳವೆಯಲ್ಲಿ ಬಿಟ್ಟ ಹಾಲು ಅವನಿಗೆ ದಕ್ಕುತ್ತಿರಲಿಲ್ಲ. ಹೊಟ್ಟೆ ಉಬ್ಬುತ್ತಿತ್ತು, ಕಕ್ಕ ಬರುತ್ತಿರಲಿಲ್ಲ.

"ಕಕ್ಕ ಮಾಡಿಸೋ ಔಷಧಿ ಏನಾದ್ರೂ ಹಾಕಿ ಸಿಸ್ಟರ್, ಹಾಲಾದ್ರೂ ದಕ್ಕುತ್ತೆ" ಅಂತ ನಾನು ದಿನಾ ಗೋಗರೆಯುತ್ತಿದ್ದೆ.

ದಿನಾ ಒಂದೇ ಉತ್ತರ: "ಅವಸರ ನಿಮಗೆ ಕಣ್ರೀ, ಅವನಿಗಲ್ಲ."

ಅಮೃತಹಳ್ಳಿಯ ನಮ್ಮತ್ತೆಗೆ ಈ ವೇದಾಂತ ಹಿಡಿಸಲಿಲ್ಲ. ವೀಳ್ಯದೆಲೆ ತೊಟ್ಟನ್ನು ಹರಳೆಣ್ಣೆಯಲ್ಲಿ ಅದ್ದಿ, ಸೆರಗಿನಲ್ಲಿ ಗಂಟು ಹಾಕಿಕೊಂಡು ಬಂದರು. ಮಗುವಿನ ಹಿಂದಿನಿಂದ ಅದನ್ನು ಚೂರು ತೂರಿಸಿದರೆ ಆಯಿತಂತೆ. ಸಿಸ್ಟರ್ ಮೂಗಿಗೆ ಎಣ್ಣೆ ವಾಸನೆ ಬಡಿಯಿತು. ಬಾಗಿಲಲ್ಲೇ ಗಂಟು ಬಿಚ್ಚಿಸಿ ತೊಟ್ಟು ಕಿತ್ತುಕೊಂಡರು.

"ನಾಕ್ ಮಕ್ಕ್ಳಿಗೂ ಇಂಗೇ ಮಾಡಿವ್ನಿ, ಎಲ್ಲಾ ಗಟ್ಟಿಮುಟ್ಟಾಗವ್ರೆ!" ಅಂತ ಅತ್ತೆ ಸಿಡಿದರು.

"ಅವರೆಲ್ಲ ದಿನ ತುಂಬಿ ಹುಟ್ಟಿದವರು ಅಜ್ಜಿ. ಇವನ ಕರುಳು ಒದ್ದೆ ಕಾಗದ, ಹರಿದುಹೋಗತ್ತೆ."

ಅತ್ತೆ ತೊಟ್ಟಿಲ್ಲದ ಎಲೆ ಮೆಲ್ಲುತ್ತಾ ಮೂರು ದಿನ ಹೊರಗಿನ ಬೆಂಚಿನಲ್ಲಿ ಮುನಿಸಿಕೊಂಡು ಕೂತರು. ನಾಲ್ಕನೇ ದಿನ ಬೆಳಿಗ್ಗೆ ವಾರ್ಡಿನ ಬಾಗಿಲು ಧಡಾರನೆ ತೆರೆಯಿತು. ಸಿಸ್ಟರ್ ಕೈಗವಸೂ ಬಿಚ್ಚದೆ, ಕೊಳೆಯಾದ ಡೈಪರ್ ಎತ್ತಿ ಹಿಡಿದು, ಏದುಸಿರು ಬಿಡುತ್ತಾ ಓಡಿಬಂದರು.

ಅತ್ತೆ ಎದ್ದು ಡೈಪರಿಗೆ ಕೈಮುಗಿದರು. ಆಮೇಲೆ ಸಿಸ್ಟರನ್ನು ಕೇಳಿದರು:

"ಈಗ ಯಾರ್ಗವ್ವಾ ಅವಸ್ರ?"